ಪೆಟ್ಟಿಗೆಯ ಮೇಲೆ 6400, ಫಿಲ್ಮಿನಲ್ಲಿ 2300

ಹಾಸನದ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಮೇಲೆ, ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುವ ಕಟ್ಟಡವಾಯಿತು. ನೀರು ಏರಿ ಇಳಿಯುವ ಪ್ರತಿ ಸಲವೂ ಗಾರೆ ಕರಗಿ ಇಟ್ಟಿಗೆ ಸಡಿಲಗೊಳ್ಳುವುದರಿಂದ, ಚಾವಣಿ ಕಳೆದುಕೊಂಡು ನಿಂತಿರುವ ಅದರ ಕಮಾನುಗಳೂ ಗೋಡೆಗಳೂ ಮೊದಲಿದ್ದಂತೆ ಇಂದು ಇಲ್ಲ. ಕಟ್ಟಡ ಈಗಿರುವುದಕ್ಕಿಂತ ಹೆಚ್ಚು ಉಳಿದಿದ್ದ ದಶಕಗಳಲ್ಲಿ ಯಾರೇ ಅದರ ಚಿತ್ರ ತೆಗೆದಿದ್ದರೂ ಅದು ಫಿಲ್ಮಿನ ಮೇಲೆ ತೆಗೆದದ್ದೇ ಆಗಿರುತ್ತದೆ, ಏಕೆಂದರೆ ಡಿಜಿಟಲ್ ಕ್ಯಾಮೆರಾ ಜನಬಳಕೆಗೆ ಬಂದದ್ದು ತೀರ ಈಚೆಗೆ. ಅಂಥ ನೆಗೆಟಿವ್ ಒಂದು ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಯಾವುದಾದರೂ ಹಳೆಯ ಸ್ಟುಡಿಯೊದ ಡಬ್ಬಿಯಲ್ಲಿ ಸಿಕ್ಕಿತು ಎಂದಿಟ್ಟುಕೊಂಡರೆ, ಅದರಲ್ಲಿ ಗೋಡೆಯ ಎರಡು ಇಟ್ಟಿಗೆಗಳ ನಡುವಿನ ಗಾರೆಯ ಗೆರೆ ಕಾಣುತ್ತದೆಯೇ ಇಲ್ಲವೇ ಎಂಬುದು ಕಟ್ಟಡವನ್ನು ಅಭ್ಯಾಸ ಮಾಡುವವರಿಗೆ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ನೆಗೆಟಿವಿನಲ್ಲಿ ಎಷ್ಟಿದೆಯೋ ಅದನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರಿನಲ್ಲಿಯೂ ಅಷ್ಟೇ ಇದೆ. ಸ್ಕ್ಯಾನರಿನ ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯಲ್ಲಿ ಮಾತ್ರ ಇಲ್ಲ.

ಮನೆ, ಕಚೇರಿ, ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ, ಗಾಜಿನ ಹಾಸಿನ ಮೇಲೆ ಕಾಗದವನ್ನು ಮಗುಚಿ ಹಾಕಿ ಮುಚ್ಚಳ ಮುಚ್ಚುವ ಯಂತ್ರವೇ ಫ್ಲಾಟ್‌ಬೆಡ್ ಸ್ಕ್ಯಾನರ್. ಇದರ ಹೊಟ್ಟೆಯೊಳಗೆ ಒಂದು ಗಾಡಿ ಉದ್ದಕ್ಕೂ ಸರಿಯುತ್ತದೆ. ಗಾಜಿನ ಮೇಲಿನ ವಸ್ತುವಿನ ಒಂದೊಂದೇ ಪಟ್ಟಿಯ ಬೆಳಕು ಕೆಲವು ಕನ್ನಡಿಗಳಲ್ಲಿ ಮಡಚಿಕೊಂಡು ಒಂದು ಚಿಕ್ಕ ಮಸೂರವನ್ನು ಹಾದು, ಸಿಸಿಡಿ ಎಂದು ಕರೆಯುವ, ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಣ್ಣ ಕೋಶಗಳ ಸಾಲಿನ ಮೇಲೆ ಬೀಳುತ್ತದೆ. ಕಾಗದಕ್ಕೆ ಬೆಳಕು ಕೆಳಗಿನಿಂದ ಬಿದ್ದು ಪ್ರತಿಫಲಿಸಿದರೆ ಸಾಕು. ಫಿಲ್ಮಾದರೆ ಬೆಳಕು ಅದನ್ನು ತೂರಿ ಬರಬೇಕಾದ್ದರಿಂದ ಫಿಲ್ಮಿಗೆಂದು ತಯಾರಾದ ಮಾದರಿಗಳಲ್ಲಿ ಮುಚ್ಚಳದೊಳಗೆ ಇನ್ನೊಂದು ದೀಪ ಇರುತ್ತದೆ, ನೆಗೆಟಿವನ್ನು ಹಿಡಿದಿಡಲು ಪ್ಲಾಸ್ಟಿಕ್ ಚೌಕಟ್ಟೂ ಜೊತೆಗೆ ಬರುತ್ತದೆ. ಎಪ್ಸನ್ ಕಂಪನಿಯ ಪರ್ಫೆಕ್ಷನ್ ಸರಣಿಯ ವಿ600, 2006ರಲ್ಲಿ ಬಂದ ವಿ700, ಅದರ ನಂತರದ ವಿ800 ಮತ್ತು ವಿ850, ಕ್ಯಾನನ್ ಕಂಪನಿಯ ಕ್ಯಾನೊಸ್ಕ್ಯಾನ್ 9000ಎಫ್ ಇವು ಈ ಜಾತಿಯ ಹೆಸರಾದ ಯಂತ್ರಗಳು.

ಇವುಗಳ ವಿವರಣಾ ಪಟ್ಟಿಯಲ್ಲಿ 6400 ಡಿಪಿಐ, 9600 ಡಿಪಿಐ ಎಂಬ ಸಂಖ್ಯೆಗಳು ದೊಡ್ಡ ಅಕ್ಷರದಲ್ಲಿರುತ್ತವೆ. ಡಿಪಿಐ ಎಂದರೆ ಒಂದು ಅಂಗುಲ ಉದ್ದಕ್ಕೆ ಯಂತ್ರ ದಾಖಲಿಸುವ ಚುಕ್ಕೆಗಳ ಲೆಕ್ಕ. 6400 ಚುಕ್ಕೆ ಎಂದಾಗ ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಸುಮಾರು 4 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ನಾಲ್ಕು. ಈ ಲೆಕ್ಕ ಸುಳ್ಳಲ್ಲ; ಯಂತ್ರ ಅಷ್ಟು ಚುಕ್ಕೆಗಳನ್ನು ನಿಜಕ್ಕೂ ಬರೆದುಕೊಡುತ್ತದೆ. ಆದರೆ ಅಕ್ಕಪಕ್ಕದ ಎರಡು ಚುಕ್ಕೆಗಳು ಫಿಲ್ಮಿನ ಎರಡು ಬೇರೆ ವಿವರಗಳನ್ನು ಹೊತ್ತಿವೆಯೋ ಅಥವಾ ಒಂದೇ ಮಬ್ಬನ್ನು ಎರಡು ಸಲ ಬರೆದಿವೆಯೋ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಒತ್ತೊತ್ತಾಗಿರುವ ಎರಡು ಗೆರೆಗಳನ್ನು ಎರಡಾಗಿಯೇ ಬಿಡಿಸಿ ತೋರಿಸುವ ಶಕ್ತಿಗೆ ಭೌತಶಾಸ್ತ್ರದಲ್ಲಿ ಪೃಥಕ್ಕರಣ ಸಾಮರ್ಥ್ಯ ಎನ್ನುತ್ತಾರೆ. ಸ್ಕ್ಯಾನರಿನಲ್ಲಿ ಅದನ್ನು ನಿರ್ಧರಿಸುವುದು ಮಸೂರ, ಫೋಕಸ್, ಸಂವೇದಕ ಕೋಶದ ಅಗಲ ಮತ್ತು ಗಾಡಿಯ ಓಟ ಇವೆಲ್ಲ ಕೂಡಿ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳನ್ನು ಎಷ್ಟೇ ಹತ್ತಿರ ಹತ್ತಿರ ಇಟ್ಟರೂ ಬೆರಳಿನಿಂದ ಇಳಿಯುವ ಪುಡಿಯ ಎಳೆ ದಪ್ಪವಾಗಿದ್ದರೆ ಚಿತ್ರ ನವುರಾಗುವುದಿಲ್ಲ. ಫ್ಲಾಟ್‌ಬೆಡ್ಡುಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ.

ಎಳೆ ದಪ್ಪವಾಗಲು ಮೊದಲ ಕಾರಣ ಮಸೂರ. ಎ4 ಕಾಗದ ಹಿಡಿಯುವ ಗಾಜಿನ ಅಗಲ ಎಂಟೂವರೆ ಅಂಗುಲ; ಅಷ್ಟು ಅಗಲವನ್ನು ಒಂದೇ ಮಸೂರ ಅಂಚಿನಿಂದ ಅಂಚಿಗೆ ನೋಡಬೇಕು. 4800 ಡಿಪಿಐ ಎಂದರೆ ಆ ಅಗಲಕ್ಕೆ 40,800 ಚುಕ್ಕೆ. ಅಷ್ಟನ್ನೂ ಬೇರೆ ಬೇರೆಯಾಗಿ ಮೂಡಿಸಬಲ್ಲ ಮಸೂರವನ್ನು ಮಾಡಲಾಗದು ಎಂದಲ್ಲ, ಆದರೆ ಅದನ್ನು ಈ ಬೆಲೆಯ ಯಂತ್ರದಲ್ಲಿ ಕೂರಿಸಲಾಗದು. ಮಸೂರದ ಕಂಡಿಯನ್ನು ಹಿಗ್ಗಿಸಿದರೆ ಅಂಚುಗಳಲ್ಲಿ ದೋಷ ಹೆಚ್ಚುತ್ತದೆ, ಕುಗ್ಗಿಸಿದರೆ ಬೆಳಕು ಅಂಚಿನಲ್ಲಿ ಬಾಗಿ ಹರಡಿಕೊಳ್ಳುವ ವಿವರ್ತನೆಯಿಂದ ಪ್ರತಿ ಚುಕ್ಕೆಯೂ ಊದಿಕೊಳ್ಳುತ್ತದೆ. ವಿ700ರಲ್ಲಿ ಎಪ್ಸನ್ ಎರಡು ಮಸೂರಗಳನ್ನು ಇಟ್ಟದ್ದು ಈ ಇಕ್ಕಟ್ಟಿನಿಂದ ಅಷ್ಟಿಷ್ಟು ಪಾರಾಗಲು: ಒಂದು ಗಾಜಿನ ಪೂರ್ತಿ ಅಗಲಕ್ಕೆ 4800 ಡಿಪಿಐಯಲ್ಲಿ, ಇನ್ನೊಂದು ಚೌಕಟ್ಟಿನಲ್ಲಿಟ್ಟ ಫಿಲ್ಮಿಗಾಗಿ ಸುಮಾರು ಆರು ಅಂಗುಲದ ಕಿರಿದಾದ ಅಗಲಕ್ಕೆ 6400 ಡಿಪಿಐಯಲ್ಲಿ ಕೆಲಸ ಮಾಡುತ್ತದೆ. ಅದರಿಂದ ಸುಧಾರಣೆ ಆಗಿದೆ, ಪೆಟ್ಟಿಗೆಯ ಸಂಖ್ಯೆಯಷ್ಟು ಆಗಿಲ್ಲ.

ಎರಡನೆಯದು ಸಂವೇದಕದ ಜೋಡಣೆ. ಕೋಶಗಳನ್ನು ತೀರ ಕಿರಿದು ಮಾಡಿದರೆ ಅವು ಹಿಡಿಯುವ ಬೆಳಕು ಕಡಿಮೆಯಾಗಿ ಚಿತ್ರದಲ್ಲಿ ಕಾಳುಕಾಳು ಗದ್ದಲ ಹೆಚ್ಚುವುದರಿಂದ, ತಯಾರಕರು ದೊಡ್ಡ ಕೋಶಗಳ ಎರಡು ಸಾಲನ್ನು ಪರಸ್ಪರ ಅರ್ಧ ಕೋಶದಷ್ಟು ಸರಿಸಿ ಕೂರಿಸುತ್ತಾರೆ. ಎರಡು ಸಾಲುಗಳ ಓದನ್ನು ಹೆಣೆದಾಗ ಚುಕ್ಕೆಗಳ ಸಂಖ್ಯೆ ಇಮ್ಮಡಿಯಾಗುತ್ತದೆ, ಆದರೆ ಪ್ರತಿ ಕೋಶವೂ ಪಕ್ಕದ ಕೋಶ ನೋಡಿದ ಜಾಗದ ಅರ್ಧವನ್ನು ತಾನೂ ನೋಡಿರುವುದರಿಂದ ಹೊಸ ವಿವರ ಇಮ್ಮಡಿಯಾಗುವುದಿಲ್ಲ. ಗಾಡಿ ಸರಿಯುವ ದಿಕ್ಕಿನಲ್ಲಿ ಬರೆಯುವ 9600ರಂಥ ಸಂಖ್ಯೆಯಂತೂ ಮೋಟಾರು ಒಂದು ಅಂಗುಲದಲ್ಲಿ ಇಡಬಲ್ಲ ಹೆಜ್ಜೆಗಳ ಲೆಕ್ಕವಷ್ಟೇ. ಹೆಜ್ಜೆ ಚಿಕ್ಕದಾದ ಮಾತ್ರಕ್ಕೆ ನೋಟ ಚುರುಕಾಗುವುದಿಲ್ಲ. ಗೇರುಗಳ ಸಡಿಲ, ಬೆಲ್ಟಿನ ಕಂಪನಗಳು ಸೇರಿ ಈ ದಿಕ್ಕಿನಲ್ಲಿ ಎಷ್ಟೋ ಯಂತ್ರಗಳು ಅಡ್ಡ ದಿಕ್ಕಿಗಿಂತ ಬೇರೆಯದೇ ಫಲಿತಾಂಶ ಕೊಡುತ್ತವೆ.

ಮೂರನೆಯದಾದ ಫೋಕಸ್, ಬಳಸುವವರ ಕೈಯಲ್ಲಿ ಸ್ವಲ್ಪಮಟ್ಟಿಗಾದರೂ ಇರುವುದರಿಂದ, ಹೆಚ್ಚು ಗಮನಕ್ಕೆ ಯೋಗ್ಯ. ಕ್ಯಾಮೆರಾದಂತೆ ಈ ಯಂತ್ರಗಳು ಫೋಕಸನ್ನು ತಾವೇ ಹುಡುಕಿಕೊಳ್ಳುವುದಿಲ್ಲ; ಅದು ಕಾರ್ಖಾನೆಯಲ್ಲಿ ಒಂದು ಎತ್ತರಕ್ಕೆ ಕಟ್ಟಿ ಬಿಟ್ಟದ್ದು. ಫಿಲ್ಮು ಚೌಕಟ್ಟಿನಲ್ಲಿ ಗಾಜಿನಿಂದ ಎರಡು ಮೂರು ಮಿಲಿಮೀಟರ್ ಮೇಲೆ ತೂಗುತ್ತದೆ, ಮಸೂರ ನೋಡುವ ತಲ ನಿರ್ದಿಷ್ಟ ಯಂತ್ರದಲ್ಲಿ ಅದಕ್ಕಿಂತ ತುಸು ಮೇಲೋ ಕೆಳಗೋ ಇದ್ದರೆ ಇಡೀ ಚಿತ್ರ ಮಬ್ಬಾಗುತ್ತದೆ. ವಿ700ರ ಚೌಕಟ್ಟಿನ ಕಾಲುಗಳನ್ನು ತಿರುಗಿಸಿಟ್ಟು ಎತ್ತರವನ್ನು ತುಸು ಬದಲಿಸಬಹುದು, ವಿ850ರಲ್ಲಿ ಇನ್ನೂ ಕೆಲವು ಎತ್ತರಗಳಿವೆ, ವಿ600ರ ಚೌಕಟ್ಟಿನಲ್ಲಿ ಅಂಥ ಏರ್ಪಾಡೇ ಇಲ್ಲ. ಇದರ ಮೇಲೆ ಹಳೆಯ ಫಿಲ್ಮು ಸುರುಳಿ ಬಿಚ್ಚಿದರೂ ಬೆನ್ನು ಬಾಗಿಸಿಕೊಂಡೇ ಇರುವುದರಿಂದ ಒಂದೇ ನೆಗೆಟಿವಿನ ನಡು ಚೊಕ್ಕವಾಗಿ ಬಂದು ಅಂಚು ಕೆಡುವುದೂ ಸಾಮಾನ್ಯ.

ಹಾಗಾದರೆ ನಿಜವಾದ ಸಾಮರ್ಥ್ಯವನ್ನು ಅಳೆಯುವುದು ಹೇಗೆ? ಇದಕ್ಕೆ ಬಳಕೆಯಲ್ಲಿರುವ ಸರಳ ಸಾಧನ, ಅಮೆರಿಕದ ವಾಯುಪಡೆ 1951ರಲ್ಲಿ ರೂಪಿಸಿದ ಪರೀಕ್ಷಾ ಫಲಕ. ಪಾರದರ್ಶಕ ಗಾಜು ಅಥವಾ ಫಿಲ್ಮಿನ ಮೇಲೆ ಮೂರು ಮೂರು ಕಪ್ಪು ಪಟ್ಟಿಗಳ ಗುಂಪುಗಳು, ಪ್ರತಿ ಗುಂಪೂ ಒಮ್ಮೆ ಅಡ್ಡಕ್ಕೆ ಒಮ್ಮೆ ಉದ್ದಕ್ಕೆ, ಹಿಂದಿನ ಗುಂಪಿಗಿಂತ ಒಂದು ನಿಶ್ಚಿತ ಪ್ರಮಾಣದಲ್ಲಿ ಕಿರಿದಾಗುತ್ತ, ಫಲಕದ ನಡುವಿನತ್ತ ಸುತ್ತಿಕೊಂಡು ಹೋಗುತ್ತವೆ. ಒಂದು ಕಪ್ಪು ಪಟ್ಟಿ ಮತ್ತು ಅದರ ಪಕ್ಕದ ಖಾಲಿ ಜಾಗ ಸೇರಿ ಒಂದು ಗೆರೆಜೋಡಿ. ಒಂದು ಮಿಲಿಮೀಟರಿನಲ್ಲಿ ಇಂಥ ಎಷ್ಟು ಜೋಡಿಗಳಿವೆ ಎಂಬುದು ಆ ಗುಂಪಿನ ಸಂಖ್ಯೆ. ಫಲಕವನ್ನು ಯಂತ್ರದ ಅತಿ ಹೆಚ್ಚಿನ ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ಹಿಗ್ಗಿಸಿ ನೋಡುತ್ತ ಹೋದರೆ, ಆರಂಭದ ಗುಂಪುಗಳಲ್ಲಿ ಪಟ್ಟಿಗಳ ಅಂಚು ಕತ್ತರಿಸಿದಂತಿರುತ್ತದೆ. ಮುಂದೆ ಕಪ್ಪು ಬೂದುಬಣ್ಣಕ್ಕೆ ತಿರುಗಿ, ನಡುವಿನ ಬಿಳಿ ಕಂದಿ, ಒಂದು ಹಂತದಲ್ಲಿ ಮೂರು ಪಟ್ಟಿಗಳೂ ಕೂಡಿ ಒಂದೇ ಬೂದು ಚೌಕವಾಗುತ್ತವೆ. ಕೂಡಿಕೊಳ್ಳುವ ಮುನ್ನ ಮೂರೂ ಮೂರಾಗಿಯೇ ಕಂಡ ಕೊನೆಯ ಗುಂಪೇ ಯಂತ್ರದ ಮಿತಿ. ಕೆಲವೊಮ್ಮೆ ಕೂಡಿಕೊಂಡ ಪಟ್ಟಿಗಳು ಇನ್ನೂ ಕಿರಿದಾದ ಗುಂಪಿನಲ್ಲಿ ಮತ್ತೆ ಬಿಡಿಬಿಡಿಯಾಗಿ ಕಂಡಂತಾಗುತ್ತದೆ, ಆದರೆ ಎಣಿಸಿದರೆ ಮೂರರ ಬದಲು ಎರಡೇ ಇರುತ್ತವೆ; ಇದು ಯಂತ್ರ ಹುಟ್ಟುಹಾಕಿದ ಹುಸಿ ವಿವರ, ಇದನ್ನು ಲೆಕ್ಕಕ್ಕೆ ಹಿಡಿಯಬಾರದು.

ಈ ಫಲಿತಾಂಶವನ್ನು ಡಿಪಿಐಗೆ ತರುವ ಲೆಕ್ಕ ಸುಲಭ. ಒಂದು ಗೆರೆಜೋಡಿಯನ್ನು ಬರೆಯಲು ಕನಿಷ್ಠ ಎರಡು ಚುಕ್ಕೆ ಬೇಕು, ಅಂಗುಲಕ್ಕೆ 25.4 ಮಿಲಿಮೀಟರ್, ಆದ್ದರಿಂದ ಮಿಲಿಮೀಟರಿಗೆ ಇಷ್ಟು ಜೋಡಿ ಎಂಬ ಸಂಖ್ಯೆಯನ್ನು 50.8ರಿಂದ ಗುಣಿಸಿದರೆ ಆಯಿತು. ಫಲಕದ ಒಂದು ಗುಂಪಿನಲ್ಲಿ ಮಿಲಿಮೀಟರಿಗೆ 45.3 ಜೋಡಿಗಳಿದ್ದು, ಅದರ ಒಂದೊಂದು ಪಟ್ಟಿಯ ಅಗಲ ಸುಮಾರು 11 ಮೈಕ್ರಾನ್. ಅಲ್ಲಿಯವರೆಗೆ ಬಿಡಿಸಿದ ಯಂತ್ರದ ನಿಜವಾದ ಸಾಮರ್ಥ್ಯ ಸುಮಾರು 2300 ಡಿಪಿಐ. ಸ್ವತಂತ್ರ ಪರೀಕ್ಷೆಗಳಲ್ಲಿ ವಿ700 ಮತ್ತು ಅದರ ಒಡಹುಟ್ಟುಗಳು ನಿಲ್ಲುವುದು ಇದರ ಆಸುಪಾಸಿನಲ್ಲಿಯೇ. ಪೆಟ್ಟಿಗೆಯ ಮೇಲೆ ಅದೇ 6400 ಎಂದು ಬರೆದುಕೊಂಡ ವಿ600 ಸುಮಾರು 1560ಕ್ಕೆ ನಿಲ್ಲುತ್ತದೆ. 9600 ಎಂದು ಸಾರುವ ಕ್ಯಾನೊಸ್ಕ್ಯಾನ್ 9000ಎಫ್ ಸುಮಾರು 1700ಕ್ಕೆ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬರೆದ ಯಂತ್ರ ಹೆಚ್ಚು ವಿವರ ಕೊಡುತ್ತದೆ ಎಂಬ ನಂಬಿಕೆ ಇಲ್ಲಿಗೇ ಬಿದ್ದುಹೋಗುತ್ತದೆ. ಫಿಲ್ಮಿಗೆಂದೇ ಮಾಡಿದ ಯಂತ್ರಗಳಲ್ಲೂ ಈ ಅಂತರ ಇಲ್ಲದಿಲ್ಲ: ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ ಸರಣಿಯ 7200 ಡಿಪಿಐ ಪರೀಕ್ಷೆಯಲ್ಲಿ 3250ಕ್ಕೆ ಇಳಿಯುತ್ತದೆ. ಆದರೆ ನಿಕಾನ್ ಕೂಲ್‌ಸ್ಕ್ಯಾನ್ 5000 ತಾನು ಹೇಳಿದ 4000ಕ್ಕೆ ಬಹುತೇಕ ಮುಟ್ಟುತ್ತಿತ್ತು. ಅದು ಕೇವಲ 24 ಮಿಲಿಮೀಟರ್ ಅಗಲದ ಚಿತ್ರವನ್ನು ನೋಡುವ ಒಳ್ಳೆಯ ಮಸೂರವನ್ನೂ ತಾನೇ ಫೋಕಸ್ ಮಾಡಿಕೊಳ್ಳುವ ಏರ್ಪಾಡನ್ನೂ ಹೊಂದಿತ್ತು. ಅಂಥ ಯಂತ್ರಗಳನ್ನು ನಿಕಾನ್ ಬಹಳ ಹಿಂದೆಯೇ ನಿಲ್ಲಿಸಿದ್ದು, ಪ್ರಾಮಾಣಿಕವಾದ ಸಂಖ್ಯೆ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ ಎಂದು ಬೇಕಿದ್ದರೆ ಅರ್ಥ ಮಾಡಿಕೊಳ್ಳಬಹುದು.

ಪ್ರಯೋಗಾಲಯಗಳು ಪಟ್ಟಿಗಳನ್ನು ಕಣ್ಣಿನಿಂದ ಎಣಿಸುವುದಕ್ಕಿಂತ, ತುಸು ಓರೆಯಾಗಿಟ್ಟ ಚೂಪಾದ ಅಂಚೊಂದನ್ನು ಸ್ಕ್ಯಾನ್ ಮಾಡಿ, ಕಪ್ಪಿನಿಂದ ಬಿಳಿಗೆ ಹೋಗಲು ಎಷ್ಟು ದೂರ ಹಿಡಿಯಿತು ಎಂಬುದರಿಂದ ಲೆಕ್ಕ ಹಾಕುವ ವಿಧಾನವನ್ನು ಮೆಚ್ಚುತ್ತವೆ. ಫಿಲ್ಮ್ ಸ್ಕ್ಯಾನರುಗಳಿಗೆ ಐಎಸ್‌ಒ 16067ರ ಎರಡನೆಯ ಭಾಗ ಇದನ್ನೇ ವಿಧಿಸುತ್ತದೆ. ವಿಧಾನ ಯಾವುದಾದರೂ ತೀರ್ಪು ಹೆಚ್ಚು ಬದಲಾಗುವುದಿಲ್ಲ.

ಈಗ ಶೆಟ್ಟಿಹಳ್ಳಿಯ ಗೋಡೆಗೆ ಈ ಅಂಕಿಗಳನ್ನು ಹಚ್ಚಿ ನೋಡಬಹುದು. 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾಕ್ಕೆ ಸಾಮಾನ್ಯವಾದ 50 ಮಿಲಿಮೀಟರ್ ಮಸೂರ ಹಾಕಿ ಚರ್ಚಿನಿಂದ 50 ಮೀಟರ್ ದೂರದಲ್ಲಿ ನಿಂತು ಚಿತ್ರ ತೆಗೆದರೆ, ಫಿಲ್ಮಿನ ಮೇಲೆ ಬೀಳುವ ಬಿಂಬ ಗೋಡೆಯ ಸಾವಿರದಲ್ಲಿ ಒಂದು ಪಾಲು. ಹೀಗಾಗಿ ಫಿಲ್ಮಿನ ಒಂದು ಮೈಕ್ರಾನ್ ಗೋಡೆಯ ಒಂದು ಮಿಲಿಮೀಟರಿಗೆ ಸಮ, 36 ಮಿಲಿಮೀಟರ್ ಅಗಲದ ನೆಗೆಟಿವಿನಲ್ಲಿ 36 ಮೀಟರ್ ಅಗಲದ ದೃಶ್ಯ. ವಿ700 ವರ್ಗದ ಯಂತ್ರ 11 ಮೈಕ್ರಾನಿನ ಪಟ್ಟಿಯನ್ನು ಬಿಡಿಸುತ್ತದೆ ಎಂದರೆ ಗೋಡೆಯ ಮೇಲೆ 11 ಮಿಲಿಮೀಟರಿನ ಗೆರೆಯನ್ನು ಬಿಡಿಸುತ್ತದೆ ಎಂದರ್ಥ. ವಿ600ರಲ್ಲಿ ಅದು 16 ಮಿಲಿಮೀಟರ್. ಪೆಟ್ಟಿಗೆಯ ಸಂಖ್ಯೆ ನಿಜವಾಗಿದ್ದರೆ ಎರಡರಲ್ಲೂ 4 ಮಿಲಿಮೀಟರಿನ ಬಿರುಕು ಕೂಡ ಕಾಣಬೇಕಿತ್ತು. ಸುಣ್ಣದ ಗಾರೆಯ ಗೆರೆ ಒಂದು ಸೆಂಟಿಮೀಟರಿನ ಆಜುಬಾಜು ಇದ್ದರೆ, ಒಂದು ಯಂತ್ರದಲ್ಲಿ ಇಟ್ಟಿಗೆಯ ವರಸೆಗಳು ಕಂಡೂ ಕಾಣದಂತೆ ಮೂಡುತ್ತವೆ, ಇನ್ನೊಂದರಲ್ಲಿ ಗೋಡೆ ಬರಿಯ ನುಣುಪಾದ ಮೈಯಾಗಿ ಬರುತ್ತದೆ. ಸ್ಕ್ಯಾನನ್ನು ಮಾತ್ರ ಕಂಡವರು ಆ ಭಾಗದಲ್ಲಿ ಗಿಲಾವು ಇನ್ನೂ ಉದುರಿರಲಿಲ್ಲ ಎಂದು ತೀರ್ಮಾನಿಸುವ ಸಾಧ್ಯತೆಯಿದೆ. ಅದು ಕಟ್ಟಡದ ಗುಣವಲ್ಲ, ಮಸೂರದ ದೋಷ.

ಇಷ್ಟರಿಂದ ಫ್ಲಾಟ್‌ಬೆಡ್ಡುಗಳನ್ನು ತಳ್ಳಿಹಾಕುವುದು ದುಡುಕು, ಏಕೆಂದರೆ ನೆಗೆಟಿವಿನಲ್ಲಿ ಇಲ್ಲದ ವಿವರವನ್ನು ಯಾವ ಯಂತ್ರವೂ ತೆಗೆಯಲಾರದು. ಫಿಲ್ಮಿನ ಸಾಮರ್ಥ್ಯ ದೊಡ್ಡದೇ: ಕೊಡಾಕ್ ಟಿ-ಮ್ಯಾಕ್ಸ್ 100 ಎಂಬ ಕಪ್ಪುಬಿಳುಪು ಫಿಲ್ಮು, ಕಪ್ಪುಬಿಳುಪಿನ ಅಂತರ ತೀವ್ರವಾಗಿರುವ ಪರೀಕ್ಷೆಯಲ್ಲಿ ಮಿಲಿಮೀಟರಿಗೆ 200 ಗೆರೆಗಳನ್ನೂ, ಮೋಡದ ದಿನದ ಗೋಡೆಯಂತೆ ಅಂತರ ತೀರ ಕಡಿಮೆಯಿರುವ ಪರೀಕ್ಷೆಯಲ್ಲಿ 63 ಗೆರೆಗಳನ್ನೂ ಬಿಡಿಸುತ್ತದೆ ಎಂದು ಕಂಪನಿಯೇ ಪ್ರಕಟಿಸಿದೆ, ಫ್ಯೂಜಿಯ ವೆಲ್ವಿಯಾ 50 ಎಂಬ ಸ್ಲೈಡ್ ಫಿಲ್ಮಿಗೆ ಇವೇ ಅಂಕಿಗಳು 160 ಮತ್ತು 80. ಈ ಕಡಿಮೆ ಅಂಕಿಗಳೇ ದಿನನಿತ್ಯದ ದೃಶ್ಯಗಳಿಗೆ ಹೆಚ್ಚು ಹತ್ತಿರ. ಅದರ ಮೇಲೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದಾಗಿನ ನಡುಕ, ಅಂದಾಜಿನ ಫೋಕಸ್, ಡೆವಲಪ್ ಮಾಡುವಾಗ ಬಿಸಿಯಾದ ನೀರಿನಿಂದ ದಪ್ಪಗಾದ ಕಾಳು ಇವೆಲ್ಲ ತಮ್ಮ ತಮ್ಮ ಪಾಲನ್ನು ಕಳೆಯುತ್ತವೆ. ತ್ರಿಪಾದಿಯ ಮೇಲಿಟ್ಟು ನಿಧಾನವಾಗಿ ತೆಗೆದ ನೆಗೆಟಿವಿನಲ್ಲಿ ಫ್ಲಾಟ್‌ಬೆಡ್ಡು ಕಾಣಲಾರದ ವಿವರ ಖಂಡಿತ ಉಳಿದಿರುತ್ತದೆ. ಪ್ರವಾಸಕ್ಕೆ ಬಂದವರು ನಡೆಯುತ್ತಲೇ ಒತ್ತಿದ ಚಿತ್ರದಲ್ಲಿ ಉಳಿದಿರುವ ಸಂಭವ ಕಡಿಮೆ.

ನೆಗೆಟಿವಿನ ಅಳತೆ ದೊಡ್ಡದಾದಂತೆ ಚಿತ್ರವೇ ಬದಲಾಗುತ್ತದೆ, ಮತ್ತು ಕರ್ನಾಟಕದ ಹಳೆಯ ಸ್ಟುಡಿಯೊಗಳ ಮಟ್ಟಿಗೆ ಮುಖ್ಯವಾದ ಸಂಗತಿ ಇದೇ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ಬಳಸಿದ ತಲೆಮಾರಿನ ಕೆಲಸದಲ್ಲಿ 120 ಎಂಬ ಅಗಲ ರೋಲಿನದು ದೊಡ್ಡ ಪಾಲು. ಆ ರೋಲಿನ ಚೌಕ ನೆಗೆಟಿವಿನ ಚಿತ್ರಭಾಗ ಬದಿಗೆ 56 ಮಿಲಿಮೀಟರ್. 2300 ಡಿಪಿಐಯಲ್ಲೇ ಅದು ಸುಮಾರು 5070 ಚುಕ್ಕೆ ಅಗಲ, ಅಷ್ಟೇ ಎತ್ತರದ, ಎರಡೂವರೆ ಕೋಟಿ ಚುಕ್ಕೆಗಳ ಚಿತ್ರವಾಗುತ್ತದೆ. 35 ಮಿಲಿಮೀಟರ್ ನೆಗೆಟಿವ್ ಅದೇ ಯಂತ್ರದಲ್ಲಿ ಎಪ್ಪತ್ತು ಲಕ್ಷ ಚುಕ್ಕೆಗೆ ನಿಲ್ಲುತ್ತದೆ. 80 ಮಿಲಿಮೀಟರ್ ಮಸೂರದ ಯಾಷಿಕಾ ಮ್ಯಾಟ್‌ನಂಥ ಕ್ಯಾಮೆರಾ ಅದೇ 50 ಮೀಟರ್ ದೂರದಿಂದ ಶೆಟ್ಟಿಹಳ್ಳಿಯ ಗೋಡೆಯನ್ನು ತೆಗೆದಿದ್ದರೆ, ಅದೇ 11 ಮೈಕ್ರಾನ್ ಗೋಡೆಯ ಮೇಲೆ ಏಳು ಮಿಲಿಮೀಟರಿಗಿಂತ ಕಡಿಮೆಯಾಗುತ್ತದೆ, ಗಾರೆಯ ಗೆರೆ ಸ್ಪಷ್ಟವಾಗಿ ಬರುತ್ತದೆ. ಇನ್ನು ಭಾರತದಲ್ಲೇ ತಯಾರಾಗಿ ಮಧ್ಯಮ ವರ್ಗದ ಮನೆಮನೆಗೂ ತಲುಪಿದ ಆಗ್ಫಾ ಕ್ಲಿಕ್ 3 ಕೂಡ ಇದೇ ರೋಲನ್ನು ತಿನ್ನುತ್ತಿದ್ದ ಕ್ಯಾಮೆರಾ. ಆದರೆ ಅದರ ಸರಳ ಮಸೂರ ಫಿಲ್ಮಿನ ಮೇಲೆ ಮೂಡಿಸುವ ವಿವರವೇ ಅಷ್ಟಕ್ಕಷ್ಟೆ ಆದ್ದರಿಂದ, ಅದರ ನೆಗೆಟಿವನ್ನು ವಿ600ರಲ್ಲಿ ಸ್ಕ್ಯಾನ್ ಮಾಡಿದರೂ ಕಳೆದುಕೊಳ್ಳುವುದು ಬಹುಶಃ ಏನೂ ಇಲ್ಲ. ಸ್ಟುಡಿಯೊದಲ್ಲಿ ಕೂರಿಸಿ ತೆಗೆದ, ಆರೂವರೆಗೆ ನಾಲ್ಕೂಮುಕ್ಕಾಲು ಅಂಗುಲದ ಹಾಫ್ ಪ್ಲೇಟ್ ಗಾಜಿನ ನೆಗೆಟಿವುಗಳಿಗಂತೂ 1200 ಡಿಪಿಐ ಸಾಕು, ಫ್ಲಾಟ್‌ಬೆಡ್ಡಿಗಿಂತ ಯೋಗ್ಯವಾದ ಯಂತ್ರವನ್ನು ಹುಡುಕುವ ಅಗತ್ಯವೂ ಇಲ್ಲ. ಗಾಜು ಬಾಗದು, ಆದ್ದರಿಂದ ಫೋಕಸ್ಸಿನ ಕಾಟವೂ ಅರ್ಧ ಕಡಿಮೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಗಳು, ಯಾವ ಯಂತ್ರ ಸಾಕು ಎಂಬುದು ಚಿತ್ರದಲ್ಲಿ ಏನನ್ನು ನೋಡಬೇಕು ಎಂಬುದನ್ನು ಅವಲಂಬಿಸುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನ. 1940, 1953, 1967, 1981 ಮತ್ತು 1993ರ ಅಭಿಷೇಕಗಳೆಲ್ಲ ಫಿಲ್ಮಿನ ಕಾಲದವು. 2006ರದ್ದು ಫಿಲ್ಮು ಮತ್ತು ಡಿಜಿಟಲ್ ಎರಡೂ ಕೂಡಿದ್ದ ಹೊತ್ತಿನದು. ವಿಗ್ರಹದ ಮೇಲಿನ ಹಾಲು, ಅರಿಶಿನ, ಕುಂಕುಮಗಳ ಧಾರೆಯನ್ನು ಮುಖ್ಯವಾಗಿ ತೋರುವ ಚಿತ್ರಕ್ಕೆ ಯಾವ ಯಂತ್ರವಾದರೂ ಆದೀತು, ಆದರೆ ಅಟ್ಟಣಿಗೆಯ ಮೇಲೆ ನಿಂತ ಜನರ ಮುಖಗಳನ್ನು ಗುರುತಿಸಬೇಕಾದರೆ, ದೂರದಿಂದ ತೆಗೆದ 35 ಮಿಲಿಮೀಟರ್ ನೆಗೆಟಿವಿನಲ್ಲಿ ಒಂದು ಮುಖ 200 ಮೈಕ್ರಾನ್ ಅಗಲವಿದ್ದರೆ, 1560 ಡಿಪಿಐಯಲ್ಲಿ ಅದಕ್ಕೆ ದಕ್ಕುವುದು ಹನ್ನೆರಡು ಚುಕ್ಕೆ, 2300ರಲ್ಲಿ ಹದಿನೆಂಟು, 4000ದಲ್ಲಿ ಮೂವತ್ತೊಂದು. ಹನ್ನೆರಡು ಚುಕ್ಕೆಯಲ್ಲಿ ಅದು ಮುಖ ಎಂಬುದಷ್ಟೇ ತಿಳಿಯುತ್ತದೆ. ಮೂವತ್ತೊಂದರಲ್ಲಿ, ಫಿಲ್ಮು ಸಹಕರಿಸಿದರೆ, ಕನ್ನಡಕ ಹಾಕಿದ್ದಾರೋ ಇಲ್ಲವೋ ಎಂಬುದು ತಿಳಿದೀತು.

ಕಾಗದದ ಮೇಲೆ ಮುದ್ರಿಸಿದ ಫೋಟೊಗಳ ವಿಷಯದಲ್ಲಿ ಜನ ಇದಕ್ಕೆ ತದ್ವಿರುದ್ಧವಾದ ತಪ್ಪು ಮಾಡುತ್ತಾರೆ. ಫೋಟೊ ಕಾಗದದಲ್ಲಿ ಅಂಗುಲಕ್ಕೆ 300ರಿಂದ 600 ಚುಕ್ಕೆಗಳಿಗೆ ಮೀರಿದ ವಿವರ ಸಿಗುವುದು ಅಪರೂಪವಾದರೂ 4800ರಲ್ಲಿ ಸ್ಕ್ಯಾನ್ ಮಾಡಿ ಡಿಸ್ಕು ತುಂಬಿಸಿಕೊಳ್ಳುತ್ತಾರೆ. ನೆಗೆಟಿವನ್ನು ಕಾಗದಕ್ಕೆ ಒತ್ತಿ ಅದೇ ಅಳತೆಯಲ್ಲಿ ತೆಗೆದ ಕಾಂಟ್ಯಾಕ್ಟ್ ಪ್ರಿಂಟುಗಳು ಮಾತ್ರ ಸ್ವಲ್ಪ ಹೆಚ್ಚು ಮರ್ಯಾದೆಗೆ ಅರ್ಹ. ಹಾಸನ ಜಿಲ್ಲೆಯ ಮಟ್ಟಿಗೆ ಅವುಗಳಲ್ಲಿ ಅತಿ ಹಳೆಯವುಗಳ ಸಾಲಿನಲ್ಲಿ, ರಿಚರ್ಡ್ ಬ್ಯಾನರ್ ಓಕ್ಲಿ ಎಂಬಾತ 1856ರಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ತೆಗೆದು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ 56 ಚಿತ್ರಗಳು ನಿಲ್ಲುತ್ತವೆ.

ಯಂತ್ರ ಕೊಡಬಲ್ಲಷ್ಟನ್ನು ಪೂರ್ತಿ ಪಡೆಯುವ ಕ್ರಮದಲ್ಲಿ ಒಂದು ಸಣ್ಣ ತೊಡಕಿದೆ. ನಿಜವಾದ ಸಾಮರ್ಥ್ಯ 2300 ಎಂದ ಮಾತ್ರಕ್ಕೆ ತಂತ್ರಾಂಶದಲ್ಲಿ 2300ರ ಹತ್ತಿರದ 2400ನ್ನು ಆರಿಸಿದರೆ ಆ 2300 ದಕ್ಕುವುದಿಲ್ಲ, ಏಕೆಂದರೆ ಚುಕ್ಕೆಗಳನ್ನು ವಿರಳವಾಗಿ ತೆಗೆದಾಗ ಮಿತಿಯ ಸಮೀಪದ ನವುರು ಗೆರೆಗಳು ಚುಕ್ಕೆಗಳ ಸಂದಿಯಲ್ಲಿ ಬಿದ್ದುಹೋಗುತ್ತವೆ. ಆದ್ದರಿಂದ ಹೆಚ್ಚಿನ ಸಂಖ್ಯೆಯಲ್ಲಿ, ಅಂದರೆ 4800 ಅಥವಾ 6400ರಲ್ಲಿ ಸ್ಕ್ಯಾನ್ ಮಾಡಿ, ಆಮೇಲೆ ಚಿತ್ರವನ್ನು 2400ಕ್ಕೆ ಕುಗ್ಗಿಸಿ ಉಳಿಸಿಕೊಳ್ಳುವುದು ಸರಿಯಾದ ದಾರಿ. ಪೆಟ್ಟಿಗೆಯ ಸಂಖ್ಯೆಗೆ ಇಲ್ಲೊಂದು ನ್ಯಾಯವಾದ ಉಪಯೋಗ ದೊರೆಯಿತು ಎನ್ನಬೇಕು. ಕುಗ್ಗಿಸದೆ 6400ರಲ್ಲಿ ಹಾಗೆಯೇ ಇಟ್ಟರೆ 35 ಮಿಲಿಮೀಟರಿನ ಬಣ್ಣದ ನೆಗೆಟಿವ್ ಒಂದೇ, ಬಣ್ಣಕ್ಕೆ 16 ಬಿಟ್ಟಿನ ಲೆಕ್ಕದಲ್ಲಿ, 330 ಮೆಗಾಬೈಟಿನಷ್ಟು ಜಾಗ ತಿನ್ನುತ್ತದೆ. 2400ರಲ್ಲಿ ಅದು 46 ಮೆಗಾಬೈಟ್. ಫೋಕಸ್ಸಿನ ಎತ್ತರವನ್ನು ಕಂಡುಕೊಳ್ಳಲು ಪರೀಕ್ಷಾ ಫಲಕವೇ ಬೇಕೆಂದಿಲ್ಲ: ಕಾಳು ಚೆನ್ನಾಗಿ ಮೂಡಿರುವ ಒಂದು ಕಪ್ಪುಬಿಳುಪು ನೆಗೆಟಿವನ್ನು ಚೌಕಟ್ಟಿನ ಕೆಳಗೆ ಒಂದು, ಎರಡು, ಮೂರು ಪದರ ಕಾಗದದ ಚೂರುಗಳನ್ನಿಟ್ಟು ಎತ್ತರಿಸುತ್ತ ಸ್ಕ್ಯಾನ್ ಮಾಡಿ, ಯಾವುದರಲ್ಲಿ ಕಾಳು ಅತಿ ಹರಿತವಾಗಿದೆಯೋ ಆ ಎತ್ತರವನ್ನು ಖಾಯಂ ಮಾಡಿಕೊಳ್ಳಬಹುದು. ತಂತ್ರಾಂಶದ ಹರಿತಗೊಳಿಸುವ ಆಯ್ಕೆಯನ್ನು ಈ ಪರೀಕ್ಷೆಯಲ್ಲಿ ಆಫ್ ಮಾಡಿಡಬೇಕು; ಅದು ಅಂಚುಗಳಿಗೆ ಕಪ್ಪು ಕಟ್ಟು ಹಾಕಿ ಇಲ್ಲದ ಸ್ಪಷ್ಟತೆಯ ಭ್ರಮೆ ಹುಟ್ಟಿಸುತ್ತದೆ.

ಧೂಳು, ಗೀರುಗಳನ್ನು ಅತಿಕೆಂಪು ಬೆಳಕಿನಿಂದ ಗುರುತಿಸಿ ಅಳಿಸುವ ಡಿಜಿಟಲ್ ಐಸ್ ಎಂಬ ಸೌಲಭ್ಯ ಬಣ್ಣದ ನೆಗೆಟಿವುಗಳಿಗೆ ವರದಾನವೇ ಸರಿ, ಆದರೆ ಕಪ್ಪುಬಿಳುಪು ಫಿಲ್ಮಿನ ಬಿಂಬ ಬೆಳ್ಳಿಯಿಂದಾದದ್ದು. ಬೆಳ್ಳಿ ಅತಿಕೆಂಪನ್ನೂ ತಡೆಯುವುದರಿಂದ ಯಂತ್ರ ಚಿತ್ರವನ್ನೇ ಧೂಳೆಂದು ತಿಳಿದು ಒರೆಸಲು ಹೊರಡುತ್ತದೆ. ಹಳೆಯ ಸ್ಟುಡಿಯೊ ನೆಗೆಟಿವುಗಳಿಗೆ ಅದನ್ನು ಬಳಸಲೇಬಾರದು. ಮಲೆನಾಡಿನ ಸೆರಗಿನ ಊರುಗಳಲ್ಲಿ ತೇವಕ್ಕೆ ಫಿಲ್ಮಿನ ಜಿಲಾಟಿನ್ ಪದರದ ಮೇಲೆ ಹಬ್ಬುವ ಬೂಸು ಬಿಂಬವನ್ನೇ ತಿಂದಿದ್ದರೆ ಅದನ್ನು ಸರಿಪಡಿಸುವ ಗುಂಡಿ ಯಾವ ಯಂತ್ರದಲ್ಲೂ ಇಲ್ಲ.

35 ಮಿಲಿಮೀಟರ್ ನೆಗೆಟಿವುಗಳಲ್ಲಿ ನಿಜಕ್ಕೂ ಬೆಲೆಬಾಳುವ ಕೆಲವಕ್ಕೆ ಇನ್ನೊಂದು ದಾರಿ, ಡಿಜಿಟಲ್ ಕ್ಯಾಮೆರಾಕ್ಕೆ ಹತ್ತಿರದ ವಸ್ತುಗಳನ್ನು ತೆಗೆಯುವ ಮ್ಯಾಕ್ರೊ ಮಸೂರ ಹಾಕಿ, ಸಮನಾದ ಬೆಳಕಿನ ಫಲಕದ ಮೇಲೆ ನೆಗೆಟಿವನ್ನು ಚಪ್ಪಟೆಯಾಗಿ ಹಿಡಿಸಿ ಅದರ ಚಿತ್ರ ತೆಗೆಯುವುದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000 ಚುಕ್ಕೆ 36 ಮಿಲಿಮೀಟರಿಗೆ ಹರಡಿದಾಗ ಅಂಗುಲಕ್ಕೆ ಸುಮಾರು 4200 ಆಗುತ್ತದೆ. ಮಸೂರ ಉತ್ತಮವಾಗಿದ್ದು ಕ್ಯಾಮೆರಾ ಮತ್ತು ಫಿಲ್ಮು ಸಮಾನಾಂತರವಾಗಿದ್ದರೆ ಅದರಲ್ಲಿ ಬಹುಪಾಲು ನಿಜವಾದ ವಿವರವೇ ಇರುತ್ತದೆ. ಫೋಕಸ್ಸನ್ನು ಕಣ್ಣಾರೆ ನೋಡಿ ಹಿಡಿಯಬಹುದೆಂಬುದು ಇದರ ದೊಡ್ಡ ಲಾಭ. ಮದುವೆಯ ಫೋಟೊ ತೆಗೆಯುವ ಯಾವ ಸಣ್ಣ ಊರಿನ ಸ್ಟುಡಿಯೊದಲ್ಲೂ ಇದಕ್ಕೆ ಬೇಕಾದ ಕ್ಯಾಮೆರಾ ಇದ್ದೇ ಇರುತ್ತದೆ, ಮ್ಯಾಕ್ರೊ ಮಸೂರ ಒಂದನ್ನು ಹೊಂದಿಸಿಕೊಂಡರೆ ಸಾಕು. ಇಷ್ಟಾದರೂ ನೂರಾರು ನೆಗೆಟಿವುಗಳ ರಾಶಿಯಲ್ಲಿ ಯಾವುದರಲ್ಲಿ ಏನಿದೆ ಎಂದು ಮೊದಲು ತಿಳಿದುಕೊಳ್ಳಲು ಫ್ಲಾಟ್‌ಬೆಡ್ಡಿನಷ್ಟು ಅನುಕೂಲದ ಯಂತ್ರ ಇನ್ನೊಂದಿಲ್ಲ, 35 ಮಿಲಿಮೀಟರ್ ನೆಗೆಟಿವಿನಿಂದ ಏಳು ಅಂಗುಲಕ್ಕೆ ಹನ್ನೊಂದರ ಚೊಕ್ಕ ಮುದ್ರಣವೊಂದನ್ನು ಪಡೆಯಲು ವಿ700ರ 2300 ಸಾಲುತ್ತದೆ, ರೋಲ್ ಫಿಲ್ಮಿಗೆ ಧಾರಾಳವಾಗಿಯೇ ಸಾಲುತ್ತದೆ.

ಹೇಮಾವತಿಯ ಹಿನ್ನೀರಿಗೆ ಜಮೀನು, ಮನೆ ಬಿಟ್ಟು ಬಂದ ಕುಟುಂಬಗಳಲ್ಲಿ ಅಥವಾ ಆ ಭಾಗದ ಸ್ಟುಡಿಯೊಗಳಲ್ಲಿ 1979ಕ್ಕೆ ಮೊದಲಿನ ನೆಗೆಟಿವುಗಳು ಉಳಿದಿದ್ದರೆ, ಸ್ಕ್ಯಾನ್ ಆಯಿತೆಂಬ ಕಾರಣಕ್ಕೆ ಅವನ್ನು ಎಸೆಯಬಾರದು. ಇಂದಿನ ಸ್ಕ್ಯಾನಿನಲ್ಲಿ ಕಾಣದ ಗಾರೆಯ ಗೆರೆ ಮುಂದೊಮ್ಮೆ ಉತ್ತಮ ಮಸೂರಕ್ಕೆ ಕಾಣಬೇಕಾದರೆ ನೆಗೆಟಿವ್ ಇರಲೇಬೇಕು. ಪ್ಲಾಸ್ಟಿಕ್ ಚೀಲದಿಂದ ತೆಗೆದು ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ ಊರು, ವರ್ಷ, ಚಿತ್ರದಲ್ಲಿರುವವರ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದು, ಗಾಳಿಯಾಡುವ ಒಣ ಜಾಗದಲ್ಲಿ ಇಡಬೇಕು. ವಿನೆಗರ್ ವಾಸನೆ ಬರುತ್ತಿರುವ ಫಿಲ್ಮು ಒಳಗಿನಿಂದಲೇ ಕೊಳೆಯುತ್ತಿರುವುದರಿಂದ ಅದನ್ನು ಉಳಿದವುಗಳಿಂದ ದೂರವಿಟ್ಟು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿಸಬೇಕು.